ಬಳ್ಳಾರಿಯ ಬಿಸಿಲಿಗೆ ಯಾವ ಹಳೆಯ ಗ್ರಾಫಿಕ್ಸ್ ಕಾರ್ಡ್? ಜಿಟಿ 730ರಿಂದ ಆರ್‌ಎಕ್ಸ್ 580ರವರೆಗಿನ ಹೋಲಿಕೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಫೋಟೊ ಸ್ಟುಡಿಯೊಗಳಲ್ಲಿ, ಫ್ಲೆಕ್ಸ್ ಅಂಗಡಿಗಳಲ್ಲಿ, ಜೀನ್ಸ್ ಘಟಕಗಳ ಡಿಸೈನ್ ಕೋಣೆಗಳಲ್ಲಿ ಎಂಟು, ಹತ್ತು ವರ್ಷದ ಹಿಂದಿನ ಕಂಪ್ಯೂಟರ್‌ಗಳು ಇಂದಿಗೂ ದಿನವಿಡೀ ದುಡಿಯುತ್ತಿವೆ. ಅವುಗಳ ಪ್ರೊಸೆಸರ್ ಇನ್ನೂ ಗಟ್ಟಿಯಾಗಿದೆ, ಎಸ್‌ಎಸ್‌ಡಿ ಹಾಕಿಸಿದ ಮೇಲೆ ಚುರುಕೂ ಬಂದಿದೆ; ಕೆಲಸಕ್ಕೆ ತೊಡಕಾಗಿ ಉಳಿದಿರುವುದು ಚಿತ್ರ, ವಿಡಿಯೊಗಳ ಕೆಲಸ ನೋಡಿಕೊಳ್ಳುವ ಗ್ರಾಫಿಕ್ಸ್ ಕಾರ್ಡ್ ಒಂದೇ. ಹೊಸ ಕಾರ್ಡಿಗೆ ಹಣ ಹಾಕಲು ಮನಸ್ಸಿಲ್ಲದ ಮಾಲೀಕರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದಲೋ ಸೆಕೆಂಡ್ ಹ್ಯಾಂಡ್ ಕಾರ್ಡ್ ತರಿಸಿ, ಕೂಡಿಸಿಕೊಡಿ ಎಂದು ನನ್ನ ಬಳಿ ಕಳಿಸುತ್ತಾರೆ. ಹೀಗೆ ನನ್ನ ಮೇಜಿಗೆ ಬಂದು, ಇಲ್ಲಿನ ಬೇಸಿಗೆಯಲ್ಲಿ ಕೆಲಸ ಮಾಡಿ ತೋರಿಸಿದ ಕಾರ್ಡ್‌ಗಳನ್ನು ಈ ಬರಹದಲ್ಲಿ ಹೋಲಿಸಿ ನೋಡಿದ್ದೇನೆ. ಎನ್‌ವಿಡಿಯಾ ಕಂಪನಿಯ ಜಿಟಿ 730, ಜಿಟಿ 1030, ಜಿಟಿಎಕ್ಸ್ 750 ಟಿಐ, 960, 1050 ಟಿಐ, 1060, 1650 ಮತ್ತು ಎಎಂಡಿ ಕಂಪನಿಯ ಆರ್‌ಎಕ್ಸ್ 570, 580 ಇದರಲ್ಲಿ ಮುಖ್ಯವಾದವು.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ನಮ್ಮ ಊರಿನ ಸೆಕೆ, ಧೂಳು, ಕರೆಂಟಿನ ಏರಿಳಿತಗಳ ನಡುವೆ ನಡೆಯಬೇಕಾದ ಹಳೆಯ ಕಂಪ್ಯೂಟರಿಗೆ, ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರಿನೊಳಗಿನ ವಿದ್ಯುತ್ ಪೆಟ್ಟಿಗೆಯಿಂದ, ಬೇರೆ ವೈರ್ ಬೇಡದ, 75 ವ್ಯಾಟ್ ಮೀರದ ಕಾರ್ಡೇ ತಕ್ಕದ್ದು. ಅಂಥವುಗಳಲ್ಲಿ ಜಿಟಿಎಕ್ಸ್ 1650 ಮೊದಲನೆಯದು. ಅದಕ್ಕೆ ಹಣ ಸಾಲದಿದ್ದರೆ ಜಿಟಿಎಕ್ಸ್ 1050 ಟಿಐ. ಆರ್‌ಎಕ್ಸ್ 570 ಮತ್ತು 580 ಇವೆರಡಕ್ಕಿಂತ ವೇಗದವು ಎಂಬುದು ನಿಜವಾದರೂ, ಆ ವೇಗವನ್ನು ಇಲ್ಲಿ ಉಳಿಸಿಕೊಳ್ಳಲು ಬೇಕಾದ ವ್ಯವಸ್ಥೆ ಬಹಳಷ್ಟು ಅಂಗಡಿಗಳಲ್ಲಿ ಇಲ್ಲ.

ಕಾರ್ಡ್ ಕೊಳ್ಳುವಾಗ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಜಿಬಿ?’ ಎಂಬುದು. ಕೊಪ್ಪಳದ ಸ್ಟುಡಿಯೊ ಮಾಲೀಕರೊಬ್ಬರು ಜಿಟಿ 730 ಕಾರ್ಡಿನ ಪೆಟ್ಟಿಗೆಯನ್ನು ತಿರುಗಿಸಿ ತೋರಿಸುತ್ತ, “ಇದರಾಗ ನಾಲ್ಕು ಜಿಬಿ ಐತ್ರಿ ಸರ, ಮೊದಲಿಂದು ಬರೇ ಎರಡು ಇತ್ತು” ಎಂದಿದ್ದರು. ಅವರ ‘ಮೊದಲಿಂದು’ ಜಿಟಿಎಕ್ಸ್ 750 ಟಿಐ ಆಗಿತ್ತು. ಆ ಎರಡು ಕಾರ್ಡ್‌ಗಳ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಹಳೆಯ ಕಾರ್ಡ್‌ಗಳ ವ್ಯಾಪಾರದಲ್ಲಿ ಅತಿ ಹೆಚ್ಚು ಹಣ ವ್ಯರ್ಥವಾಗುವುದು ಈ ಜಾಗದಲ್ಲಿಯೇ.

ಕಾರ್ಡಿನ ಮೆಮೊರಿ ಎಷ್ಟು ದೊಡ್ಡದು ಎಂಬುದು ಒಂದು ಮಾತು. ಆ ಮೆಮೊರಿಯಿಂದ ಚಿಪ್‌ಗೆ ಸೆಕೆಂಡಿಗೆ ಎಷ್ಟು ದತ್ತಾಂಶ ಹರಿಯುತ್ತದೆ ಎಂಬುದು ಇನ್ನೊಂದು. ಎರಡನೆಯದನ್ನು ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ತುಂಗಭದ್ರಾ ಜಲಾಶಯದಲ್ಲಿ ನೀರು ಎಷ್ಟೇ ತುಂಬಿರಲಿ, ತೂಬು ಕಿರಿದಾಗಿದ್ದರೆ ಕಾಲುವೆಯ ಕೊನೆ ಭಾಗದ ಗದ್ದೆಗೆ ನೀರು ಏರುವುದಿಲ್ಲ. ಇಲ್ಲಿಯೂ ಅದೇ ಸಂಗತಿ. ಲೆಕ್ಕ ಸರಳವಾಗಿದೆ: ಮೆಮೊರಿ ಬಸ್ ಎಷ್ಟು ಬಿಟ್ ಅಗಲ ಇದೆಯೋ ಅದನ್ನು ಮೆಮೊರಿಯ ವೇಗದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಡಿಡಿಆರ್3 ಮೆಮೊರಿಯ ಜಿಟಿ 730ರ ಬಸ್ 64 ಬಿಟ್, ವೇಗ 1.8 ಗಿಗಾಬಿಟ್; ಆದ್ದರಿಂದ ಸೆಕೆಂಡಿಗೆ 14.4 ಜಿಬಿ. ಜಿಟಿಎಕ್ಸ್ 750 ಟಿಐ ಬಸ್ 128 ಬಿಟ್, ಅದರ ಜಿಡಿಡಿಆರ್5 ಮೆಮೊರಿಯ ವೇಗ 5.4 ಗಿಗಾಬಿಟ್, ಆದ್ದರಿಂದ ಸೆಕೆಂಡಿಗೆ 86.4 ಜಿಬಿ. ನಾಲ್ಕು ಜಿಬಿಯ ಕಾರ್ಡಿಗಿಂತ ಎರಡು ಜಿಬಿಯ ಕಾರ್ಡಿನಲ್ಲಿ ದತ್ತಾಂಶ ಸರಿಯಾಗಿ ಆರು ಪಟ್ಟು ಹೆಚ್ಚು ಹರಿಯುತ್ತದೆ. ಆ ಮಾಲೀಕರು ಕೈಯಲ್ಲಿದ್ದ ಒಳ್ಳೆಯ ಕಾರ್ಡನ್ನು ಕೊಟ್ಟು, ಮೇಲೆ ಹಣವನ್ನೂ ಸೇರಿಸಿ ಇದನ್ನು ತಂದಿದ್ದರು.

ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕಾರ್ಡ್‌ಗಳಿವೆ ಎಂಬುದನ್ನೂ ಗಮನಿಸಬೇಕು. 2014ರಲ್ಲಿ ಇದು ಬಂದಾಗ ಒಂದು ಬಗೆಯಲ್ಲಿ ಹಳೆಯ ಫರ್ಮಿ ತಲೆಮಾರಿನ 96 ಕೋರ್‌ಗಳ (ಲೆಕ್ಕ ಮಾಡುವ ಸಣ್ಣ ಘಟಕಗಳ) ಚಿಪ್ ಇತ್ತು. ಉಳಿದೆರಡರಲ್ಲಿ ಕೆಪ್ಲರ್ ತಲೆಮಾರಿನ 384 ಕೋರ್‌ಗಳಿದ್ದು, ಒಂದಕ್ಕೆ ಡಿಡಿಆರ್3, ಇನ್ನೊಂದಕ್ಕೆ ಜಿಡಿಡಿಆರ್5 ಮೆಮೊರಿ ಕೂಡಿಸಿದ್ದರು. ಜಿಡಿಡಿಆರ್5 ಇರುವ ಜಿಟಿ 730 ಸೆಕೆಂಡಿಗೆ ಸುಮಾರು 40 ಜಿಬಿ ಸಾಗಿಸುತ್ತದೆ, ಕಚೇರಿ ಕೆಲಸಕ್ಕೆ ಸಾಲುತ್ತದೆ. ಆದರೆ ಅಂಗಡಿಯ ಕಪಾಟಿನಲ್ಲಿ ಅದು ಕಣ್ಣಿಗೆ ಬೀಳುವುದು ಅಪರೂಪ. ಜಿಟಿ 1030ರ ಕಥೆ ಇದಕ್ಕಿಂತ ಬೇಸರದ್ದು. 2017ರ ಮೇ ತಿಂಗಳಲ್ಲಿ ಬಂದ ಮೂಲ ಜಿಟಿ 1030ರಲ್ಲಿ ಜಿಡಿಡಿಆರ್5 ಇದ್ದು ಸೆಕೆಂಡಿಗೆ 48 ಜಿಬಿ ಸಾಗುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡನ್ನು ಬಿಟ್ಟರು. ಅದರ ಬ್ಯಾಂಡ್‌ವಿಡ್ತ್ 16.8 ಜಿಬಿಗೆ ಇಳಿಯಿತು, ಆಟಗಳಲ್ಲಿ ವೇಗವೂ ಸುಮಾರು ಅರ್ಧಕ್ಕೆ ಕುಸಿಯಿತು. ಪೆಟ್ಟಿಗೆಯ ಮೇಲಿನ ಹೆಸರು, ಚಿತ್ರ, ಬಣ್ಣ ಎಲ್ಲವೂ ಹೆಚ್ಚುಕಡಿಮೆ ಒಂದೇ ಇರುವಾಗ ಸಾಮಾನ್ಯ ಗಿರಾಕಿಗೆ ಈ ವ್ಯತ್ಯಾಸ ತಿಳಿಯುವುದು ಹೇಗೆ? ಇದನ್ನು ನಾನು ಸರಿಯಾದ ವ್ಯಾಪಾರವೆಂದು ಒಪ್ಪುವುದಿಲ್ಲ. ಜಿಟಿ 1030 ಕೊಳ್ಳುವವರು ಪೆಟ್ಟಿಗೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಜಿಡಿಡಿಆರ್5 ಎಂದು ಓದಿದ ಮೇಲೆಯೇ ಹಣ ಕೊಡಬೇಕು.

ಕೋರ್‌ಗಳ ಸಂಖ್ಯೆಯನ್ನು ನೋಡಿ ಕಾರ್ಡ್ ಆರಿಸುವವರೂ ಇದ್ದಾರೆ. ಒಂದೇ ತಲೆಮಾರಿನ ಕಾರ್ಡ್‌ಗಳ ನಡುವೆ ಈ ಹೋಲಿಕೆ ನಡೆಯುತ್ತದೆ. ತಲೆಮಾರು ಬದಲಾದ ಕೂಡಲೇ ಕೆಡುತ್ತದೆ. 2015ರ ಜನವರಿಯ ಜಿಟಿಎಕ್ಸ್ 960ರಲ್ಲಿ 1024 ಕೋರ್‌ಗಳಿವೆ. 2016ರ ಅಕ್ಟೋಬರಿನ 1050 ಟಿಐಯಲ್ಲಿ 768 ಮಾತ್ರ. ಎರಡರ ಬ್ಯಾಂಡ್‌ವಿಡ್ತ್ ಕೂಡ ಒಂದೇ, ಸೆಕೆಂಡಿಗೆ 112 ಜಿಬಿ. ಆದರೂ ಕೆಲಸದಲ್ಲಿ ಇವೆರಡೂ ಸರಿಸುಮಾರು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. 960ರ ಚಿಪ್ 28 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾದದ್ದು, 1050 ಟಿಐ ಚಿಪ್ 14 ನ್ಯಾನೊಮೀಟರಿನಲ್ಲಿ. ಸಣ್ಣ ಟ್ರಾನ್ಸಿಸ್ಟರ್‌ಗಳಿಂದಾಗಿ ಅದು ಹೆಚ್ಚು ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಕಡಿಮೆ ಕರೆಂಟ್ ಕುಡಿಯುತ್ತದೆ. 960ಕ್ಕೆ 120 ವ್ಯಾಟ್ ಬೇಕಾದ ಕಡೆ 1050 ಟಿಐಗೆ 75 ವ್ಯಾಟ್ ಸಾಕು. ಬೆಲೆ ಸಮನಾಗಿದ್ದರೆ 960 ಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಎರಡು ಕಂಪನಿಗಳ ನಡುವೆ ಟೆರಾಫ್ಲಾಪ್ಸ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ ಅಂಕಿ) ಹೋಲಿಸುವುದು ಇನ್ನೂ ದಾರಿ ತಪ್ಪಿಸುತ್ತದೆ. ಕಾಗದದ ಮೇಲೆ ಆರ್‌ಎಕ್ಸ್ 570ರ ಸಾಮರ್ಥ್ಯ 5.1 ಟೆರಾಫ್ಲಾಪ್ಸ್, 6 ಜಿಬಿಯ ಜಿಟಿಎಕ್ಸ್ 1060ರದ್ದು ಸುಮಾರು 4.4. ಆದರೆ ಬಹುತೇಕ ಆಟಗಳಲ್ಲಿ ಮುಂದಿರುವುದು 1060. ಆರ್‌ಎಕ್ಸ್ 580 ತನ್ನ 6.2 ಟೆರಾಫ್ಲಾಪ್ಸ್ ಇಟ್ಟುಕೊಂಡು ಈ 1060ಕ್ಕೆ ಸರಿಸಮ ನಿಲ್ಲುತ್ತದೆ. ಆದ್ದರಿಂದ ಈ ಅಂಕಿಯನ್ನು ಒಂದೇ ಕಂಪನಿಯ ಒಂದೇ ತಲೆಮಾರಿನ ಕಾರ್ಡ್‌ಗಳ ನಡುವೆ ಮಾತ್ರ ಬಳಸಬೇಕು. ಒಟ್ಟಾರೆ ವೇಗದ ಸಾಲನ್ನು ಹೇಳುವುದಾದರೆ, ಕೆಳಗಿನಿಂದ ಮೇಲಕ್ಕೆ ಜಿಟಿ 730, ಜಿಟಿ 1030, 750 ಟಿಐ, ನಂತರ ಜೊತೆಜೊತೆಯಾಗಿ 960 ಮತ್ತು 1050 ಟಿಐ, ಅದರ ಮೇಲೆ 1650, ಅದಕ್ಕಿಂತ ಸ್ವಲ್ಪ ಮುಂದೆ ಆರ್‌ಎಕ್ಸ್ 570, ಕೊನೆಗೆ 6 ಜಿಬಿಯ 1060 ಮತ್ತು ಆರ್‌ಎಕ್ಸ್ 580.

ಈ ಸಾಲನ್ನು ನೋಡಿದವರು ಮೇಲಿನ ತುದಿಯದನ್ನೇ ತರಲು ಹೊರಡುವುದು ಸಹಜ. ಅಲ್ಲಿಗೆ ಕರೆಂಟಿನ ಲೆಕ್ಕ ಬರುತ್ತದೆ. ಕಾರ್ಡ್ ಕೂರುವ, ಮದರ್‌ಬೋರ್ಡಿನ ಉದ್ದನೆಯ ಪಿಸಿಐಇ ಸ್ಲಾಟ್ ತನ್ನ ಮೂಲಕ ಕೊಡಬಹುದಾದ ಗರಿಷ್ಠ ವಿದ್ಯುತ್ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ಆರು ಪಿನ್ನಿನ ವೈರ್ ಬರಬೇಕು, ಅದು ಇನ್ನೊಂದು 75 ವ್ಯಾಟ್ ಕೊಡುತ್ತದೆ. ಎಂಟು ಪಿನ್ನಿನದು 150 ವ್ಯಾಟ್. ನಮ್ಮ ಕಡೆ ಬಳಕೆಯಲ್ಲಿರುವ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು ದೊಡ್ಡ ಕಂಪನಿಗಳ ಕಚೇರಿಗಳಿಂದ ಹೊರಬಿದ್ದ ಸಿದ್ಧ ಪೆಟ್ಟಿಗೆಗಳು. ಅವುಗಳ ಎಸ್‌ಎಂಪಿಎಸ್ 240 ವ್ಯಾಟ್ ಆಸುಪಾಸಿನದು, ಅದರಲ್ಲಿ ಆರು ಪಿನ್ನಿನ ವೈರೇ ಇರುವುದಿಲ್ಲ. ಬದಲಾಯಿಸೋಣವೆಂದರೆ ಮದರ್‌ಬೋರ್ಡಿಗೆ ಹೋಗುವ ಕನೆಕ್ಟರ್ ಸಹ ಆ ಕಂಪನಿಯದೇ ಆದ ಬೇರೆ ಆಕಾರದ್ದು. ಅಂಥ ಪೆಟ್ಟಿಗೆಗೆ ಆರ್‌ಎಕ್ಸ್ 570 ತಂದವರು ಕೊನೆಗೆ ಹಳೆಯ ಡಿಸ್ಕ್‌ಗಳಿಗೆ ಹೋಗುವ ಎರಡು ಮೋಲೆಕ್ಸ್ ವೈರ್‌ಗಳನ್ನು ಸೇರಿಸಿ ಆರು ಪಿನ್ ಮಾಡಿಕೊಡುವ ಅಗ್ಗದ ಕನ್ವರ್ಟರ್ ಹುಡುಕುತ್ತಾರೆ.

ಹಾಗೆ ಹಾಕಿಸಿಕೊಂಡಿದ್ದ ಒಂದು ಕಂಪ್ಯೂಟರನ್ನು ನಾನು ಬಿಚ್ಚಿದಾಗ, ಕನ್ವರ್ಟರಿನ ಬಿಳಿ ಪ್ಲಾಸ್ಟಿಕ್ ತುದಿ ಹಳದಿ ವೈರ್ ಸೇರುವ ಕಡೆ ಕಂದು ಬಣ್ಣಕ್ಕೆ ತಿರುಗಿ, ಒಳಗಿನ ಪಿನ್ನಿಗೆ ಅಂಟಿಕೊಂಡುಬಿಟ್ಟಿತ್ತು. ಹಳದಿ ವೈರ್ 12 ವೋಲ್ಟಿನದು, ಕಾರ್ಡಿನ ಹೊರೆಯೆಲ್ಲ ಬೀಳುವುದು ಅದರ ಮೇಲೆಯೇ. ತೆಳ್ಳನೆಯ ವೈರ್, ಸಡಿಲವಾದ ಪಿನ್, ದಿನಕ್ಕೆ ಗಂಟೆಗಟ್ಟಲೆ ರೆಂಡರ್ (ಎಡಿಟ್ ಆದ ವಿಡಿಯೊವನ್ನು ಅಂತಿಮ ಫೈಲಾಗಿ ಮಾಡುವ ಕೆಲಸ), ಹೊರಗೆ ನಲವತ್ತು ಡಿಗ್ರಿ: ಇವೆಲ್ಲ ಸೇರಿದರೆ ಬೆಂಕಿ ಹೊತ್ತಲು ಹೆಚ್ಚು ಹೊತ್ತು ಬೇಡ. ಬಟ್ಟೆಯ ರಾಶಿಯ ಪಕ್ಕದಲ್ಲಿ ಕಂಪ್ಯೂಟರ್ ಇಡುವ ಜೀನ್ಸ್ ಘಟಕಗಳವರು ಈ ಕನ್ವರ್ಟರನ್ನು ಒಳಗೆ ಬಿಟ್ಟುಕೊಳ್ಳಲೇಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಯುಪಿಎಸ್ ವಿಷಯವೂ ಇದರ ಜೊತೆಯದೇ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು 600 ವಿಎ ಯುಪಿಎಸ್. ಅದು ನಿಜವಾಗಿ ಕೊಡಬಲ್ಲದ್ದು 360 ವ್ಯಾಟ್. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ತೆಗೆದುಕೊಳ್ಳುತ್ತದೆ. ಅದಕ್ಕೆ ಪ್ರೊಸೆಸರ್, ಡಿಸ್ಕ್‌ಗಳು, ಮಾನಿಟರ್ ಹಾಗೂ ಎಸ್‌ಎಂಪಿಎಸ್‌ನಲ್ಲಿ ಶಾಖವಾಗಿ ಹೋಗುವ ಪಾಲನ್ನು ಕೂಡಿಸಿದರೆ ಯುಪಿಎಸ್‌ನ ಮಿತಿ ಮುಟ್ಟಿದಂತೆಯೇ. ಕರೆಂಟ್ ಹೋದ ಕ್ಷಣದಲ್ಲಿ ಯುಪಿಎಸ್ ಕೀಚೆಂದು ಕೂಗಿ ಆಫ್ ಆಗುತ್ತದೆ, ಅರ್ಧ ರೆಂಡರ್ ಆಗಿದ್ದ ಮದುವೆ ವಿಡಿಯೊ ಹಾಳಾಗುತ್ತದೆ. 1050 ಟಿಐ ಅಥವಾ 1650 ಇರುವ ಕಂಪ್ಯೂಟರ್ ಅದೇ ಯುಪಿಎಸ್‌ನಲ್ಲಿ ಕೆಲಸ ಉಳಿಸಿ ಶಟ್‌ಡೌನ್ ಮಾಡುವಷ್ಟು ಹೊತ್ತು ನಿರಾಳವಾಗಿ ನಿಲ್ಲುತ್ತದೆ. ಬಿಲ್ಲಿನ ಲೆಕ್ಕವೂ ಸಣ್ಣದಲ್ಲ. 185 ಮತ್ತು 75ರ ನಡುವಿನ ವ್ಯತ್ಯಾಸ 110 ವ್ಯಾಟ್. ಪೂರ್ತಿ ಹೊರೆಯಲ್ಲಿ ದಿನಕ್ಕೆ ಎಂಟು ಗಂಟೆ ನಡೆದರೆ 0.88 ಯುನಿಟ್, ತಿಂಗಳಿಗೆ ಇಪ್ಪತ್ತೈದು ದಿನಕ್ಕೆ 22 ಯುನಿಟ್.

ಈಗ ಸೆಕೆಯ ಮಾತು. ಇಂಟರ್ನೆಟ್ಟಿನಲ್ಲಿ ನಾವು ಓದುವ ಪರೀಕ್ಷೆಗಳನ್ನು ಸಾಮಾನ್ಯವಾಗಿ 21ರಿಂದ 25 ಡಿಗ್ರಿಯ ಎಸಿ ಕೋಣೆಯಲ್ಲಿ ಮಾಡಿರುತ್ತಾರೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ತಗಡಿನ ಚಾವಣಿಯ ಅಥವಾ ಮೇಲ್ಮಹಡಿಯ ಕೋಣೆಯೊಳಗೆ ಗಾಳಿ 38, 40 ಡಿಗ್ರಿ ಇರುವುದು ಮಾಮೂಲು; ರಾಯಚೂರಿನಲ್ಲಿ ಇದಕ್ಕಿಂತ ಕಡಿಮೆಯೇನೂ ಇಲ್ಲ. ಚಿಪ್ ಮೇಲೆ ಕೂತಿರುವ ಲೋಹದ ಹೀಟ್‌ಸಿಂಕ್ ಶಾಖವನ್ನು ಸುತ್ತಲಿನ ಗಾಳಿಗೆ ಬಿಡುತ್ತದೆಯೇ ಹೊರತು ಆ ಗಾಳಿಗಿಂತ ತಣ್ಣಗೆ ಮಾಡಲಾರದು. ಫ್ಯಾನಿನ ವೇಗ ಮತ್ತು ವಿದ್ಯುತ್ ಅಷ್ಟೇ ಇದ್ದಾಗ, ಗಾಳಿ ಒಂದು ಡಿಗ್ರಿ ಏರಿದರೆ ಚಿಪ್ ಸಹ ಸರಿಸುಮಾರು ಒಂದು ಡಿಗ್ರಿ ಏರುತ್ತದೆ. ಎಸಿ ಕೋಣೆಯಲ್ಲಿ 70 ಡಿಗ್ರಿಗೆ ನಿಂತ ಕಾರ್ಡ್ ಇಲ್ಲಿ 85ಕ್ಕೆ ಹೋಗುತ್ತದೆ ಎಂದೇ ತಿಳಿಯಬೇಕು. ಎನ್‌ವಿಡಿಯಾದ ಪ್ಯಾಸ್ಕಲ್ ತಲೆಮಾರಿನ ಕಾರ್ಡ್‌ಗಳು (1030, 1050 ಟಿಐ, 1060) ಸಾಮಾನ್ಯವಾಗಿ 83 ಡಿಗ್ರಿಯನ್ನು ಗುರಿಯಾಗಿಟ್ಟುಕೊಂಡಿರುತ್ತವೆ. ಅದನ್ನು ಮುಟ್ಟಿದ ಕೂಡಲೇ ತಾವಾಗಿಯೇ ಮೆಗಾಹರ್ಟ್ಸ್ ಇಳಿಸಿಕೊಳ್ಳುತ್ತವೆ. ಎಂದರೆ ಪರೀಕ್ಷೆಯ ಪಟ್ಟಿಯಲ್ಲಿ ಕಂಡ ವೇಗ ನಮ್ಮ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡರ ನಂತರ ಸಿಗುವುದಿಲ್ಲ.

75 ವ್ಯಾಟಿನ ಕಾರ್ಡುಗಳಿಗೆ ಇಲ್ಲಿ ಇರುವ ಅನುಕೂಲ ಇದೇ. ಹೊರಹಾಕಬೇಕಾದ ಶಾಖವೇ ಕಡಿಮೆಯಾದ್ದರಿಂದ ಸಣ್ಣ ಹೀಟ್‌ಸಿಂಕ್, ಒಂದೇ ಫ್ಯಾನ್ ಇದ್ದರೂ ಅವು ಮಿತಿಯೊಳಗೆ ನಿಲ್ಲುತ್ತವೆ, ಜೊತೆಗೆ ಕ್ಯಾಬಿನೆಟ್ಟಿನ ಒಳಗಿನ ಗಾಳಿಯನ್ನು ಕಾಯಿಸಿ ಪ್ರೊಸೆಸರಿಗೂ ಹಾರ್ಡ್ ಡಿಸ್ಕಿಗೂ ತೊಂದರೆ ಕೊಡುವುದಿಲ್ಲ. ನನ್ನ ಮೇಜಿನ ಮೇಲೆ ಮೇ ತಿಂಗಳ ಮಧ್ಯಾಹ್ನ ಒಂದೇ ವಿಡಿಯೊವನ್ನು ಒಂದೇ ಕ್ಯಾಬಿನೆಟ್ಟಿನಲ್ಲಿ ಎರಡೂ ಬಗೆಯ ಕಾರ್ಡ್ ಹಾಕಿ ರೆಂಡರ್ ಮಾಡಿ ನೋಡಿದಾಗ, 1650 ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಸಾಗಿತು. ಆರ್‌ಎಕ್ಸ್ 580 ಮೊದಲ ಕೆಲವು ನಿಮಿಷ ಸ್ಪಷ್ಟವಾಗಿ ಮುಂದಿದ್ದು, ಆಮೇಲೆ ಫ್ಯಾನಿನ ಸದ್ದು ಏರುತ್ತ, ಮೆಗಾಹರ್ಟ್ಸ್ ಮೇಲೆ ಕೆಳಗೆ ತೂಗಾಡುತ್ತ ಹೋಯಿತು. ಕೊನೆಗೆ 580 ಮುಗಿಸಿದ್ದು ಬೇಗನೆಯೇ, ಅದನ್ನು ಮರೆಮಾಚುವುದಿಲ್ಲ. ಆದರೆ ಪಟ್ಟಿಗಳಲ್ಲಿ ಕಾಣುವ ಅಂತರದ ಬಹುಪಾಲು ಕರಗಿಹೋಗಿತ್ತು.

ಆರ್‌ಎಕ್ಸ್ 570 ಅಥವಾ 580 ಈಗಾಗಲೇ ಕೈಯಲ್ಲಿದ್ದರೆ ಅದನ್ನು ಮಾರುವ ಅಗತ್ಯವಿಲ್ಲ. ಎಎಂಡಿಯ ಸಾಫ್ಟ್‌ವೇರ್‌ನಲ್ಲಿಯೇ ಚಿಪ್‌ನ ವೋಲ್ಟೇಜನ್ನು ಮತ್ತು ವಿದ್ಯುತ್ ಮಿತಿಯನ್ನು ಸ್ವಲ್ಪ ಇಳಿಸಬಹುದು. ಪೊಲಾರಿಸ್ ಎಂಬ ಈ ತಲೆಮಾರಿನ ಕಾರ್ಡ್‌ಗಳಿಗೆ ಕಾರ್ಖಾನೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಇಟ್ಟಿರುವುದರಿಂದ, ವೇಗ ಹೆಚ್ಚೇನೂ ಕಳೆದುಕೊಳ್ಳದೆ ಶಾಖ ಗಣನೀಯವಾಗಿ ಇಳಿಯುತ್ತದೆ. ನಮ್ಮಲ್ಲಿ ಬೇಸಿಗೆಗೆ ಮುಂಚೆ ಎಲ್ಲ ಪೊಲಾರಿಸ್ ಕಾರ್ಡ್‌ಗಳಿಗೂ ಇದನ್ನು ಮಾಡಿಸಬೇಕು.

ಧೂಳಿನ ಬಗ್ಗೆ ಬೇರೆ ಊರಿನವರಿಗೆ ಅಂದಾಜು ಸಿಗುವುದು ಕಷ್ಟ. ತೋರಣಗಲ್ಲು ರಸ್ತೆಯ ಕಡೆಯಿಂದ ಬಂದ ಕಾರ್ಡಿನ ಹೀಟ್‌ಸಿಂಕ್ ಎಲೆಗಳ ನಡುವೆ ಕೆಂಪು ಮಿಶ್ರಿತ ಕಪ್ಪು ಪುಡಿ ಕೂತಿರುತ್ತದೆ. ಅದಿರಿನ ಧೂಳಾದ್ದರಿಂದ ತೂಕವಾಗಿರುತ್ತದೆ, ಬ್ಲೋವರ್ ಹಿಡಿದರೂ ಸುಲಭಕ್ಕೆ ಏಳುವುದಿಲ್ಲ. ಜೀನ್ಸ್ ಘಟಕದ ಕಾರ್ಡಿನಲ್ಲಿ ಬೇರೆಯದೇ ನೋಟ. ಕತ್ತರಿಸಿದ ಡೆನಿಮ್ಮಿನಿಂದ ಹಾರುವ ನೀಲಿ ನೂಲಿನ ಎಳೆಗಳು ಫ್ಯಾನಿನ ಹಿಂದೆ ಒತ್ತಾಗಿ ಹೆಣೆದುಕೊಂಡು, ಹೀಟ್‌ಸಿಂಕಿನ ಮೇಲೆ ಒಂದು ತೆಳು ಕಂಬಳಿಯೇ ಹಾಸಿಬಿಟ್ಟಿರುತ್ತವೆ. ಚಿಮಟದಿಂದ ಹಿಡಿದೆಳೆದರೆ ಇಡಿಯಾಗಿ ಒಂದೇ ತುಂಡು ಎದ್ದು ಬರುತ್ತದೆ. ಅದರ ಕೆಳಗೆ, ಚಿಪ್‌ನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತಾಗಿರುತ್ತದೆ. ಎಂಟು ವರ್ಷದ ಯಾವ ಕಾರ್ಡ್ ತಂದರೂ ಕೂಡಿಸುವ ಮೊದಲು ಬಿಚ್ಚಿಸಿ, ಶುಚಿ ಮಾಡಿಸಿ, ಹೊಸ ಪೇಸ್ಟ್ ಹಾಕಿಸಿರಿ. ಎರಡು ಫ್ಯಾನಿನ ದೊಡ್ಡ ಕಾರ್ಡಿಗಿಂತ ಒಂದು ಫ್ಯಾನಿನ ಸಣ್ಣ ಕಾರ್ಡನ್ನು ಹೀಗೆ ವರ್ಷಕ್ಕೊಮ್ಮೆ ಬಿಚ್ಚಿ ಮುಚ್ಚುವುದು ಸುಲಭ, ಅದರ ಫ್ಯಾನ್ ಹೋದರೆ ಬದಲಿ ಫ್ಯಾನ್ ಹೊಂದಿಸುವುದೂ ಸುಲಭ.

ವಿಡಿಯೊ ಎಡಿಟಿಂಗ್ ಮಾಡುವವರಿಗೆ ವೇಗದಷ್ಟೇ ಮುಖ್ಯವಾದದ್ದು ಚಿಪ್‌ನೊಳಗೆ ವಿಡಿಯೊವನ್ನು ಬಿಡಿಸುವ ಮತ್ತು ಕಟ್ಟುವ ಭಾಗ. ಈಗ ಮದುವೆಯ ಮನೆಯವರು ತಮ್ಮ ಮೊಬೈಲಿನಲ್ಲಿ ತೆಗೆದ ತುಣುಕುಗಳನ್ನೂ ಸೇರಿಸಿ ಎಂದು ಕೊಡುತ್ತಾರೆ. ಅವುಗಳಲ್ಲಿ ಹಲವು ಎಚ್‌ಇವಿಸಿ ಎಂಬ, ಹೆಚ್ಚು ಒತ್ತಿ ಕುಗ್ಗಿಸಿದ ರೂಪದಲ್ಲಿರುತ್ತವೆ. 2014ರ 750 ಟಿಐ ಚಿಪ್‌ನಲ್ಲಿ ಎಚ್‌ಇವಿಸಿಯನ್ನು ಪೂರ್ತಿಯಾಗಿ ಬಿಡಿಸುವ ಯಂತ್ರಾಂಶ ಇಲ್ಲ, ಹೊರೆಯೆಲ್ಲ ಪ್ರೊಸೆಸರಿನ ಮೇಲೆ ಬಿದ್ದು ಟೈಮ್‌ಲೈನ್ ತಡವರಿಸುತ್ತದೆ. 60 ವ್ಯಾಟಿನಲ್ಲಿ ಇಷ್ಟು ಚೆನ್ನಾಗಿ ದುಡಿಯುವ ಕಾರ್ಡಿಗೆ ಇದೊಂದು ದೊಡ್ಡ ಕೊರತೆ, ಇಲ್ಲವಾದರೆ ಇಂದಿಗೂ ಅದನ್ನು ನಾನು ಶಿಫಾರಸು ಮಾಡುತ್ತಿದ್ದೆ. 960, 1050 ಟಿಐ, 1060, 1650 ಮತ್ತು ಆರ್‌ಎಕ್ಸ್ 570, 580 ಎಲ್ಲವೂ ಎಚ್‌ಇವಿಸಿ ಬಿಡಿಸುತ್ತವೆ. ಜಿಟಿ 1030 ಬಿಡಿಸುತ್ತದೆ, ಆದರೆ ಅದರಲ್ಲಿ ವಿಡಿಯೊ ಕಟ್ಟುವ ಎನ್‌ವಿಇಎನ್‌ಸಿ ಭಾಗವೇ ಇಲ್ಲ. ಸ್ಟುಡಿಯೊದವರು ಅದನ್ನು ಕೊಳ್ಳದಿರಲು ಇದೊಂದೇ ಕಾರಣ ಸಾಕು. ಹೊಸ ಕ್ಯಾಮೆರಾಗಳ, ಬಣ್ಣದ ವಿವರ ಹೆಚ್ಚಿರುವ 4:2:2 ಹತ್ತು ಬಿಟ್ ವಿಡಿಯೊವನ್ನು ಈ ಪಟ್ಟಿಯ ಯಾವ ಕಾರ್ಡೂ ಬಿಡಿಸಲಾರದು. ಅಂಥ ಕ್ಯಾಮೆರಾ ಕೊಂಡವರು ಕಾರ್ಡ್ ಬದಲಿಸಿದರೂ ಪ್ರಯೋಜನ ಕಾಣುವುದಿಲ್ಲ, ಮೊದಲು ಪ್ರಾಕ್ಸಿ (ಅದೇ ವಿಡಿಯೊದ ಹಗುರವಾದ ಪ್ರತಿ) ಮಾಡಿಕೊಂಡು ಎಡಿಟ್ ಮಾಡುವುದೇ ದಾರಿ.

1060 ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು. 3 ಜಿಬಿ ಮತ್ತು 6 ಜಿಬಿ ಎಂಬ ಎರಡು ಬಗೆಗಳಲ್ಲಿ ವ್ಯತ್ಯಾಸ ಮೆಮೊರಿಯದು ಮಾತ್ರ ಎಂದು ಹೆಸರು ಸೂಚಿಸಿದರೂ, 3 ಜಿಬಿಯದರಲ್ಲಿ ಕೋರ್‌ಗಳು 1280ರ ಬದಲು 1152. ಆರ್‌ಎಕ್ಸ್ 580ರಲ್ಲಿಯೂ ಹೀಗೆಯೇ: 2018ರಲ್ಲಿ ಚೀನಾ ಮಾರುಕಟ್ಟೆಗೆಂದು ಬಂದ 2048ಎಸ್‌ಪಿ ಎಂಬ ಬಗೆಯಲ್ಲಿ 2304 ಕೋರ್‌ಗಳ ಬದಲು 570ರಷ್ಟೇ ಕೋರ್‌ಗಳಿವೆ. ಆನ್‌ಲೈನಿನಲ್ಲಿ ಅಗ್ಗದ 580 ಕಂಡರೆ ಮೊದಲು ಇದನ್ನು ಕೇಳಿ ತಿಳಿಯಬೇಕು.

‘ಹಳೆಯದೇಕೆ, ಹೊಸದರಲ್ಲೇ ಅಗ್ಗದ್ದು ಕೊಳ್ಳೋಣ’ ಎನ್ನುವವರಿಗೂ ಒಂದು ಮಾತು. 2022ರಲ್ಲಿ ಬಂದ ಜಿಟಿಎಕ್ಸ್ 1630 ಹೆಸರಿನಲ್ಲಿ ಹೊಸದಾದರೂ 512 ಕೋರ್, 64 ಬಿಟ್ ಬಸ್ಸಿನದು; ಆರು ವರ್ಷ ಹಿಂದಿನ 1050 ಟಿಐ ಅದಕ್ಕಿಂತ ಸಾಮಾನ್ಯವಾಗಿ ಮುಂದಿದೆ. ಅದೇ ವರ್ಷದ ಆರ್‌ಎಕ್ಸ್ 6400 ಸ್ಲಾಟಿನ ನಾಲ್ಕು ಲೇನ್‌ಗಳನ್ನು (ದತ್ತಾಂಶ ಹೋಗುವ ದಾರಿಗಳನ್ನು) ಮಾತ್ರ ಬಳಸುತ್ತದೆ. ಪಿಸಿಐಇ 4.0 ಇರುವ ಹೊಸ ಬೋರ್ಡಿನಲ್ಲಿ ಅದು ಸಾಕಾದರೂ, ನಮ್ಮ ಹಳೆಯ 3.0 ಬೋರ್ಡಿನಲ್ಲಿ ಆ ದಾರಿ ಅರ್ಧಕ್ಕೆ ಇಳಿಯುತ್ತದೆ, ಮೇಲಾಗಿ ವಿಡಿಯೊ ಕಟ್ಟುವ ಭಾಗವೂ ಅದರಲ್ಲಿಲ್ಲ.

ಸೆಕೆಂಡ್ ಹ್ಯಾಂಡ್ ಎಂದ ಮೇಲೆ ಮೈನಿಂಗ್ ಕಾರ್ಡ್‌ಗಳ, ಅಂದರೆ ಡಿಜಿಟಲ್ ನಾಣ್ಯ ಗಳಿಸಲು ಲೆಕ್ಕ ಮಾಡಿಸಿದ ಕಾರ್ಡ್‌ಗಳ, ಪ್ರಶ್ನೆ ಬರುತ್ತದೆ. ಇಥೀರಿಯಂ ಎಂಬ ಡಿಜಿಟಲ್ ನಾಣ್ಯ 2022ರ ಸೆಪ್ಟೆಂಬರ್ 15ರಂದು ತನ್ನ ವಿಧಾನ ಬದಲಿಸಿದಾಗ ಅದರ ಮೈನಿಂಗ್ ನಿಂತು, ರಾಶಿ ರಾಶಿ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. 570, 580ಗಳು ಅವುಗಳಲ್ಲಿ ಮುಖ್ಯವಾದವು. 4 ಜಿಬಿಯ ಕಾರ್ಡ್‌ಗಳು 2020ರ ಕೊನೆಯ ಹೊತ್ತಿಗೇ ಆ ಕೆಲಸಕ್ಕೆ ಸಾಲದಾಗಿದ್ದವು. 8 ಜಿಬಿಯವು ಕೊನೆಯವರೆಗೂ ಹಗಲಿರುಳು ಓಡಿರುವ ಸಾಧ್ಯತೆ ಹೆಚ್ಚು. ಮೈನಿಂಗ್ ಮಾಡಿದವರು ಮೆಮೊರಿ ಬೇಗ ಓಡಲೆಂದು ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ತಿದ್ದಿರುತ್ತಾರೆ, ಅಂಥ ಕಾರ್ಡಿಗೆ ಎಎಂಡಿಯ ಡ್ರೈವರ್ (ಕಾರ್ಡನ್ನು ವಿಂಡೋಸ್ ಜೊತೆ ಬೆಸೆಯುವ ತಂತ್ರಾಂಶ) ಸರಿಯಾಗಿ ಕೂಡುವುದಿಲ್ಲ. ಸೆಕೆಂಡ್ ಹ್ಯಾಂಡ್ 580 ಕೊಳ್ಳುವಾಗ ಅಂಗಡಿಯಲ್ಲಿಯೇ ಹೊಸದಾಗಿ ಡ್ರೈವರ್ ಹಾಕಿಸಿ, ಅರ್ಧ ಗಂಟೆಯಾದರೂ ಹೊರೆ ಕೊಟ್ಟು ನೋಡಬೇಕು.

ಇದಕ್ಕಿಂತ ಕೆಟ್ಟದ್ದು ನಕಲಿ ಕಾರ್ಡ್‌ಗಳ ಹಾವಳಿ. ಜಿಟಿಎಸ್ 450, ಜಿಟಿಎಕ್ಸ್ 550 ಟಿಐಯಂಥ ಹಳೆಯ ಫರ್ಮಿ ಚಿಪ್‌ಗಳ ಬಯೋಸ್ ತಿದ್ದಿ, 960 ಅಥವಾ 1050 ಟಿಐ ಎಂಬ ಸ್ಟಿಕರ್ ಅಂಟಿಸಿ ಮಾರುತ್ತಾರೆ. ವಿಂಡೋಸ್ ಸಹ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ 2018ರಿಂದ ಇಂಥ ಎನ್‌ವಿಡಿಯಾ ನಕಲಿಗಳನ್ನು ಗುರುತಿಸಿ ಹೆಸರಿನ ಮುಂದೆ ‘ಫೇಕ್’ ಎಂದು ಬರೆಯುತ್ತದೆ. ಪೆನ್ ಡ್ರೈವಿನಲ್ಲಿ ಅದನ್ನು ಇಟ್ಟುಕೊಂಡೇ ಅಂಗಡಿಗೆ ಹೋಗಬೇಕು. ಕಣ್ಣಿಗೇ ಕಾಣುವ ಗುರುತು ಇನ್ನೊಂದಿದೆ. ಪ್ಯಾಸ್ಕಲ್ ಚಿಪ್‌ಗಳು ವಿಜಿಎ ಸಂಕೇತವನ್ನು ನೇರವಾಗಿ ಕೊಡುವುದಿಲ್ಲ. ಆದ್ದರಿಂದ 1050 ಟಿಐ ಎಂದು ಕೊಟ್ಟ ಕಾರ್ಡಿನ ಹಿಂದೆ ಹದಿನೈದು ತೂತಿನ ನೀಲಿ ವಿಜಿಎ ಪೋರ್ಟ್ ಇದ್ದರೆ ಅಲ್ಲೇ ಸಂಶಯಪಡಬೇಕು. ಇದರ ಇನ್ನೊಂದು ಮುಖವೆಂದರೆ, ನಮ್ಮಲ್ಲಿ ಇನ್ನೂ ಬಳಕೆಯಲ್ಲಿರುವ ವಿಜಿಎ ಮಾತ್ರ ಇರುವ ಮಾನಿಟರಿಗೆ ನಿಜವಾದ 1050 ಟಿಐ ಜೋಡಿಸಲು ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕು. ಆ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಉಳಿದದ್ದು ಡ್ರೈವರಿನ ಆಯುಷ್ಯ. ಕೆಪ್ಲರ್ ತಲೆಮಾರಿಗೆ, ಅಂದರೆ 384 ಕೋರ್‌ಗಳ ಜಿಟಿ 730ಕ್ಕೆ, ಎನ್‌ವಿಡಿಯಾ 2021ರಲ್ಲಿ ಹೊಸ ಡ್ರೈವರ್ ನಿಲ್ಲಿಸಿತು. ಭದ್ರತೆಯ ತಿದ್ದುಪಡಿಗಳೂ 2024ರಲ್ಲಿ ಮುಗಿದವು. ಇಂದಿಗೂ ಅದನ್ನು ಹೊಸ ಪೆಟ್ಟಿಗೆಯಲ್ಲಿ ಮಾರುತ್ತಿರುವುದು ನನಗೆ ಸರಿ ಕಾಣುವುದಿಲ್ಲ. 750 ಟಿಐ ಮತ್ತು 960 ಸೇರಿದ ಮ್ಯಾಕ್ಸ್‌ವೆಲ್, 1030, 1050 ಟಿಐ, 1060 ಸೇರಿದ ಪ್ಯಾಸ್ಕಲ್ ತಲೆಮಾರುಗಳಿಗೆ 2025ರ ಅಕ್ಟೋಬರಿನಲ್ಲಿ ಕೊನೆಯ ಪೂರ್ಣ ಡ್ರೈವರ್ ಬಂತು. ಇನ್ನು ಅವುಗಳಿಗೆ 2028ರ ಅಕ್ಟೋಬರ್‌ವರೆಗೆ ಭದ್ರತೆಯ ತಿದ್ದುಪಡಿಗಳು ಮಾತ್ರ. ಎಎಂಡಿ 2023ರಲ್ಲಿಯೇ 570, 580ಗಳ ಪೊಲಾರಿಸ್ ತಲೆಮಾರನ್ನು ಮುಖ್ಯ ಡ್ರೈವರಿನಿಂದ ಬೇರ್ಪಡಿಸಿ, ಅಗತ್ಯದ ತಿದ್ದುಪಡಿಗಳಿಗೆ ಸೀಮಿತಗೊಳಿಸಿದೆ. ಲಿನಕ್ಸ್ ಬಳಸುವ ಶಾಲೆ, ಕಾಲೇಜುಗಳಿಗೆ ಮಾತ್ರ ಪೊಲಾರಿಸ್ ಹೆಚ್ಚು ಅನುಕೂಲ, ಏಕೆಂದರೆ ಅದರ ಡ್ರೈವರ್ ಲಿನಕ್ಸ್ ಕರ್ನಲ್ಲಿನಲ್ಲಿಯೇ ಮುಕ್ತವಾಗಿದೆ.

ಟ್ಯೂರಿಂಗ್ ತಲೆಮಾರಿನ 1650 ಈ ಗುಂಪಿನಿಂದ ಹೊರಗಿದ್ದು, ಅದಕ್ಕೆ ಪೂರ್ಣ ಡ್ರೈವರ್ ಇನ್ನೂ ಬರುತ್ತಿದೆ. ಅದರಲ್ಲಿಯೂ 2020ರಲ್ಲಿ ಬಂದ ಜಿಡಿಡಿಆರ್6 ಬಗೆ ಸಿಕ್ಕರೆ ಬ್ಯಾಂಡ್‌ವಿಡ್ತ್ 128ರಿಂದ 192 ಜಿಬಿಗೆ ಏರುತ್ತದೆ. ಕೆಲವು ತಯಾರಕರು 1650ಕ್ಕೂ ಆರು ಪಿನ್ ಇಟ್ಟಿರುವುದರಿಂದ, ಕೊಳ್ಳುವಾಗ ಕಾರ್ಡಿನ ಮೇಲಂಚನ್ನು ನೋಡಿ ಪಿನ್ ಇಲ್ಲದ್ದನ್ನೇ ಆರಿಸಬೇಕು. ಸಣ್ಣ ಕ್ಯಾಬಿನೆಟ್ ಇರುವವರು ಅರ್ಧ ಎತ್ತರದ ಬಗೆಯನ್ನು ಕೇಳಬೇಕು. 1050 ಟಿಐಗೂ 1650ಕ್ಕೂ ಬೆಲೆಯ ಅಂತರ ಎರಡು ಸಾವಿರ ರೂಪಾಯಿಯ ಒಳಗಿದ್ದರೆ 1650 ತನ್ನಿ. ಅಂತರ ಅದಕ್ಕಿಂತ ಬಹಳ ಹೆಚ್ಚಿದ್ದು, ಕೆಲಸ ಫೋಟೊಶಾಪ್, ಕೋರಲ್‌ಡ್ರಾ ಮತ್ತು ಎಚ್‌ಡಿ ವಿಡಿಯೊಗಳಷ್ಟೇ ಆಗಿದ್ದರೆ 1050 ಟಿಐ ಸಾಕು. ಆದರೆ ಅದಕ್ಕೆ 2028ರವರೆಗಿನ ಕಾರ್ಡಿನ ಬೆಲೆಯನ್ನಷ್ಟೇ ಕಟ್ಟಿರಿ, ಮಾರುವವರು ಹೆಚ್ಚು ಕೇಳಿದರೆ ಚೌಕಾಸಿ ಮಾಡಿರಿ.